ಸೆಕೆಂಡ್ ಹ್ಯಾಂಡ್ ನಿಕಾನ್ ಡಿ7200: ನಾಲ್ಕು ವರ್ಷ, 35 ಸಾವಿರ ಕ್ಲಿಕ್

"ಬರೀ 212 ಫೋಟೋ ತೆಗ್ದಿರೋದು ಸಾರ್, ಹೊಸದೇ ಅಂದ್ಕೊಳ್ಳಿ" ಎಂದರು ಮಾರುವವರು, ನಾಲ್ಕು ವರ್ಷದ ಹಿಂದೆ ನಾನು ಈ ಕ್ಯಾಮೆರಾ ಕೊಳ್ಳಲು ಹೋದಾಗ. ಮೆನುವಿನಲ್ಲೂ 212 ಎಂದೇ ಇತ್ತು. ಆದರೆ ಅದು ಬ್ಯಾಟರಿ ಮಾಹಿತಿಯ ಪುಟ. ಕೊನೆಯ ಸಲ ಚಾರ್ಜ್ ಮಾಡಿದ ಮೇಲೆ ಎಷ್ಟು ಸಲ ಕ್ಲಿಕ್ಕಿಸಿದ್ದಾರೆ ಅನ್ನುವ ಲೆಕ್ಕ ಅಷ್ಟೇ. ಅವರಿಗೆ ಗೊತ್ತಿತ್ತೋ ಇಲ್ಲವೋ, ದೇವರೇ ಬಲ್ಲ. ಹಿಡಿಯುವ ಕಡೆಯ ರಬ್ಬರ್ ಸವೆದು ಮಿರಮಿರ ಹೊಳೆಯುತ್ತಿತ್ತು. 212 ಫೋಟೋಗೆ ಹಾಗಾಗಲ್ಲ ಅಲ್ವಾ?

ನನ್ನ ಕಾರ್ಡ್ ಹಾಕಿ ಒಂದು ಫೋಟೋ ತೆಗೆದೆ. ಲ್ಯಾಪ್‌ಟಾಪಿನಲ್ಲಿ ಎಕ್ಸಿಫ್‌ಟೂಲ್ ಇತ್ತು. ಫೋಟೋ ಫೈಲಿನೊಳಗೆ ಅಡಗಿರುವ ಮಾಹಿತಿ ಓದುವ ಪುಕ್ಕಟೆ ಸಾಫ್ಟ್‌ವೇರ್. ನೋಡಲು ಕಪ್ಪು ಕಿಟಕಿ, ಸಣ್ಣ ಅಕ್ಷರ, ಹೆದರಿಸುವ ಹಾಗಿದೆ. ವಿಂಡೋಸ್‌ನಲ್ಲಾದರೆ ಫೋಟೋವನ್ನು ಅದರ ಮೇಲೆ ಎಳೆದು ಬಿಟ್ಟರೆ ಸಾಕು. ಉದ್ದನೆಯ ಪಟ್ಟಿಯಲ್ಲಿ 'ಶಟರ್ ಕೌಂಟ್' ಸಾಲು, ಅಂದರೆ ಬೆಳಕು ಬಿಡುವ ಶಟರ್ ಎಂಬ ಬಾಗಿಲು ಇದುವರೆಗೆ ಒಟ್ಟು ಎಷ್ಟು ಸಲ ತೆರೆದಿದೆ ಅನ್ನುವ ಲೆಕ್ಕ, ಸಿಕ್ಕಿತು: 61,840. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಸಂಖ್ಯೆಯನ್ನು ನಿಕಾನ್ ಫೋಟೋದೊಳಗೇ ಬರೆದಿಡುತ್ತದೆ. ಕ್ಯಾಮೆರಾದಿಂದ ನೇರವಾಗಿ ಬಂದ ಫೈಲೇ ಬೇಕು. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಇದೆಲ್ಲ ಅಳಿಸಿಹೋಗುತ್ತದೆ. ಕ್ಯಾನನ್‌ನ ಬಹಳಷ್ಟು ಮಾಡೆಲ್‌ಗಳಲ್ಲಿ ಫೋಟೋ ನೋಡಿದರೆ ಸಿಗಲ್ಲ, ಕೇಬಲ್ ಹಾಕಿ ಬೇರೆ ಸಾಫ್ಟ್‌ವೇರ್‌ನಲ್ಲಿ ಓದಬೇಕು.

2015ರಲ್ಲಿ ಬಂದ ಡಿ7200ರ ಶಟರನ್ನು 1,50,000 ಸಲಕ್ಕೆ ಪರೀಕ್ಷಿಸಿದ್ದೇವೆ ಅನ್ನುತ್ತದೆ ಕಂಪನಿ. ಮುಹೂರ್ತ, ಆರತಕ್ಷತೆ ಸೇರಿ ಒಂದು ಮದುವೆಗೆ ಎರಡು ಸಾವಿರ ಕ್ಲಿಕ್ ಅಂದುಕೊಂಡರೂ ಈ ಕ್ಯಾಮೆರಾ ಮೂವತ್ತು ಮದುವೆ ಕಂಡಿದೆ! ಹಾಗಂತ ಒಂದೂವರೆ ಲಕ್ಷಕ್ಕೆ ಕೆಟ್ಟೇ ಹೋಗುತ್ತದೆ ಅಂತಲ್ಲ. ಕೆಲವು ಮೊದಲೇ ಕೈಕೊಡುತ್ತವೆ, ಕೆಲವು ದಾಟಿಯೂ ನಡೆಯುತ್ತವೆ. ಗಂಟೆಗಟ್ಟಲೆ ವಿಡಿಯೋ ಮಾಡಿದ್ದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ನನಗಂತೂ ಆ 61,840ರಿಂದ ಬೆಲೆಯಲ್ಲಿ ನಾಲ್ಕು ಸಾವಿರ ರೂಪಾಯಿ ಕಮ್ಮಿಯಾಯಿತು.

ಆಮೇಲೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿಯನ್ನು, ಎಫ್22ಕ್ಕೆ ಇಟ್ಟು ತೀರಾ ಕಿರಿದು ಮಾಡಿ ಬಿಳಿ ಗೋಡೆ ತೆಗೆದೆ. ಮೂಲೆಯಲ್ಲಿ ಎರಡು ಕಪ್ಪು ಚುಕ್ಕೆ. ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಮೇಲಿನ ಧೂಳು, ಕ್ಲೀನ್ ಮಾಡಿಸಿದ ಮೇಲೆ ಹೋಯಿತು. ಲೆನ್ಸನ್ನು ಟಾರ್ಚ್ ಬಿಟ್ಟು ನೋಡಿದೆ. ನಮ್ಮದು ತೀರ್ಥಹಳ್ಳಿ ಕಡೆ, ಮಳೆಗಾಲದ ಬೂಷ್ಟು ಲೆನ್ಸಿನ ಒಳಗೂ ಬಲೆ ಕಟ್ಟುತ್ತದೆ. ಅದಿದ್ದಿದ್ದರೆ ಕೌಂಟ್ ಸಾವಿರ ಇದ್ದರೂ ವಾಪಸ್ ಬರುತ್ತಿದ್ದೆ.

ನನ್ನ 35 ಸಾವಿರವೂ ಸೇರಿ ಈಗ ಕೌಂಟ್ 97 ಸಾವಿರ ಹತ್ತಿರ ಬಂದಿದೆ. ಶಟರ್ ಇವತ್ತಿಗೂ ಚಟ್ ಅಂತ ಬೀಳುತ್ತದೆ. 24 ಮೆಗಾಪಿಕ್ಸೆಲ್ ನನಗೆ ಧಾರಾಳ. ಎರಡು ಕಾರ್ಡ್ ಹಾಕಬಹುದು, ಅದು ದೊಡ್ಡ ನೆಮ್ಮದಿ. ಪರದೆ ಮಾತ್ರ ತಿರುಗಲ್ಲ. ನೆಲದ ಅಣಬೆ ತೆಗೆಯಬೇಕೆಂದರೆ ಕೆಸರಲ್ಲಿ ಬೋರಲು ಮಲಗಬೇಕು.

ಅಂದಹಾಗೆ, 212 ತೋರಿಸಿದ ಅದೇ ಪುಟದಲ್ಲಿ ಬ್ಯಾಟರಿಯ ವಯಸ್ಸೂ ಇತ್ತು. 0 ಅಂದರೆ ಹೊಸದು, 4 ಅಂದರೆ ಮುಗಿದ ಹಾಗೆ. ಅವತ್ತು 3 ಇತ್ತು, ಮಾರುವವರು ಅದನ್ನು ತೋರಿಸಿರಲಿಲ್ಲ. ವಾರದೊಳಗೇ ಹೊಸ ಬ್ಯಾಟರಿ ತಂದೆ. ಅದು ಈಗ 1ರಲ್ಲಿದೆ.