ಡಾಂಗಲ್, ಮೀಟರ್, ಮೆಗ್ಗರ್: ಮೂರನ್ನೂ ಬಳಸಿದವನ ಲೆಕ್ಕ

ಆ ಎಲೆಕ್ಟ್ರಿಕ್ ಕ್ಯಾಬಿನ ಚಾಲಕ ನಮ್ಮ ಗ್ಯಾರೇಜಿಗೆ ಬಂದಾಗ ಅವನ ಕೈಯಲ್ಲಿ ಒಂದು ಅಂದಾಜು ಪಟ್ಟಿ ಇತ್ತು. ಬ್ಯಾಟರಿ ಪ್ಯಾಕ್ ಪೂರ್ತಿ ಬದಲಿಸಬೇಕು, ವಾರಂಟಿ ಮುಗಿದಿದೆ ಎಂದು ಅದರಲ್ಲಿ ಬರೆದಿತ್ತು. ಕೆಳಗಿದ್ದ ಮೊತ್ತ ಅವನು ಕಾರಿನ ಮೇಲೆ ಇನ್ನೂ ತೀರಿಸಬೇಕಿದ್ದ ಸಾಲಕ್ಕಿಂತ ದೊಡ್ಡದು. “ಅಣ್ಣ, ಚಾರ್ಜು ಶೇ 25 ಇದೆ ಎಂದು ತೋರಿಸುತ್ತಿರುತ್ತದೆ, ಫ್ಲೈಓವರ್ ಹತ್ತುವಾಗ ಆಮೆಯ ಚಿತ್ರ ಬಂದು ಗಾಡಿ ತೆವಳುತ್ತದೆ” ಎಂದ.

ನಾನು ಈ ಕಸುಬಿಗೆ ಬಿದ್ದದ್ದು ರೇವಾ ಎಂಬ ಎಲೆಕ್ಟ್ರಿಕ್ ಕಾರಿನ ಕಾಲದಲ್ಲಿ. ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ಆ ಪುಟ್ಟ ಕಾರಿನಲ್ಲಿದ್ದದ್ದು 48 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ. ಡಿಸ್ಟಿಲ್ಡ್ ವಾಟರ್ ತುಂಬಿ, ಹೈಡ್ರೋಮೀಟರ್ ಅದ್ದಿ ನೋಡಿದರೆ ಯಾವ ಸೆಲ್ ಕೈಕೊಟ್ಟಿದೆ ಎಂದು ತಿಳಿದುಬಿಡುತ್ತಿತ್ತು. ಈಗಿನ ಕಾರುಗಳಲ್ಲಿ ಡಿಸಿ 60 ವೋಲ್ಟ್ ದಾಟಿದರೇ ಅದು ಹೈ ವೋಲ್ಟೇಜ್. ಈ ಕ್ಯಾಬಿನದು 320. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳು ನೂರು, ಹತ್ತು ಹತ್ತರ ಹತ್ತು ಮಾಡ್ಯೂಲ್, ಒಂದರ ಹಿಂದೆ ಒಂದು ಸರಣಿಯಲ್ಲಿ.

ಮೊದಲು ಬಳಸಿದ್ದು ಕಾರಿನ ಒಳಗಿನ ಅಂಕಿಗಳನ್ನು ಓದಲು ಸಿಕ್ಕಿಸುವ ಡಾಂಗಲ್ ಮತ್ತು ಮೊಬೈಲಿನ ಆ್ಯಪ್. ಎರಡು ಸಾವಿರ ರೂಪಾಯಿಯೊಳಗಿನ ಈ ವಸ್ತುವನ್ನು ನಾನು ವರ್ಷಗಟ್ಟಲೆ ಆಟಿಕೆ ಎಂದೇ ತಿಳಿದಿದ್ದೆ. ತಪ್ಪು ತಿಳಿದಿದ್ದೆ. ಸರ್ವೀಸ್ ಸೆಂಟರಿನ ಸ್ಕ್ಯಾನರ್ ಕೊಟ್ಟದ್ದು ‘ಸೆಲ್ ವೋಲ್ಟೇಜ್ ಅಸಮತೋಲ’ ಎಂಬ ಒಂದು ಸಾಲಿನ ಕೋಡ್. ಆ್ಯಪ್ ಕೊಟ್ಟದ್ದು ನೂರು ಸೆಲ್‌ಗಳ ನೂರು ಅಂಕಿ, ಅದೂ ಗಾಡಿ ಓಡುತ್ತಿರುವಾಗಲೇ.

ಗಾಡಿ ನಿಂತಿದ್ದಾಗ ಎಲ್ಲ ಸೆಲ್‌ಗಳೂ 3.29, 3.30. ಎಲ್‌ಎಫ್‌ಪಿಯ ಗುಣವೇ ಇದು: ಮಧ್ಯದ ಚಾರ್ಜಿನಲ್ಲಿ ಅದರ ವೋಲ್ಟೇಜು ಗದ್ದೆಯ ಹಾಗೆ ಮಟ್ಟಸ, ಖಾಲಿಯ ಹತ್ತಿರ ಅಥವಾ ತುಂಬುವ ಹತ್ತಿರ ಬಂದಾಗಲೇ ಏರಿಳಿತ. ನಿಂತ ಗಾಡಿಯ ಅಂಕಿ ನೋಡಿ ‘ಬ್ಯಾಟರಿ ಚೆನ್ನಾಗಿದೆ’ ಎನ್ನುವವರನ್ನು ಹಳೆಯ ಕಾರು ಕೊಳ್ಳುವಾಗ ನಂಬಬೇಡಿ. ಕ್ಯಾಬಿನವನನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ನಾನು ಪಕ್ಕದಲ್ಲಿ ಮೊಬೈಲ್ ಹಿಡಿದು ಫ್ಲೈಓವರ್ ಹತ್ತಿಸಿದೆ. 120 ಆಂಪಿಯರ್ ಎಳೆತದಲ್ಲಿ ಉಳಿದವು 3.18ರಲ್ಲಿದ್ದರೆ 51ನೆಯ ಸೆಲ್ 3.02ಕ್ಕೆ ಕುಸಿಯಿತು. ಅಲ್ಲಿಂದ ಫಾಸ್ಟ್ ಚಾರ್ಜರಿಗೆ ಹೋಗಿ 90 ಆಂಪಿಯರ್ ಹರಿಸಿದಾಗ ಅದೇ 51 ಎಲ್ಲರಿಗಿಂತ ಮೇಲೆ: ಉಳಿದವು 3.40, ಅದು 3.52.

ಸೆಲ್ಲಿನ ಸಾಮರ್ಥ್ಯ ಸವೆದಿದ್ದರೆ ಅದು ಮಧ್ಯದಲ್ಲಿ ಸುಮ್ಮನಿದ್ದು ಕೊನೆಯಲ್ಲಿ ಎಲ್ಲರಿಗಿಂತ ಮುಂಚೆ ಬೀಳುತ್ತದೆ, ತುಂಬುವಾಗಲೂ ಮೊದಲೇ ತುಂಬುತ್ತದೆ. ಬರೀ ಚಾರ್ಜು ಕಡಿಮೆಯಿದ್ದರೆ ಎರಡೂ ತುದಿಯಲ್ಲಿ ಹಿಂದೆಯೇ ಇರುತ್ತದೆ. ಚಾರ್ಜು ಎಷ್ಟೇ ಇರಲಿ, ಎಳೆದಾಗ ಕೆಳಗೆ, ತುಂಬಿಸಿದಾಗ ಮೇಲೆ, ಕರೆಂಟು ನಿಂತ ಕೂಡಲೇ ಎಲ್ಲರ ಜೊತೆಗೆ ಎಂದಾದರೆ ಅದು ರೋಧ, ಅಂದರೆ ಕರೆಂಟಿನ ದಾರಿಯಲ್ಲಿರುವ ಅಡ್ಡಿ. 0.16 ವೋಲ್ಟನ್ನು 120ರಿಂದ ಭಾಗಿಸಿ: 1.3 ಮಿಲಿಓಮ್ ಚಿಲ್ಲರೆ. 0.12ನ್ನು 90ರಿಂದ ಭಾಗಿಸಿದರೂ ಅದೇ.

ಡಾಂಗಲ್ಲಿನ ಕೆಲಸ ಇಲ್ಲಿಗೆ ಮುಗಿಯಿತು. ಆ ರೋಧ ಸೆಲ್ಲಿನ ಹೊಟ್ಟೆಯೊಳಗಿದೆಯೋ ಸೆಲ್‌ಗಳನ್ನು ಜೋಡಿಸುವ ಹೊರಗಿನ ಲೋಹದ ಪಟ್ಟಿಯಾದ ಬಸ್ ಬಾರಿನಲ್ಲಿದೆಯೋ ಎಂದು ಅದು ಹೇಳಲಾರದು. ಅಳೆಯುವ ತಂತಿ ಎರಡನ್ನೂ ಸೇರಿಸಿಯೇ ಓದುತ್ತದೆ. ಆದರೆ 51 ಎಂದರೆ ಆರನೆಯ ಮಾಡ್ಯೂಲಿನ ಮೊದಲ ಸೆಲ್. ಈ ಪ್ಯಾಕಿನಲ್ಲಿ ಮಾಡ್ಯೂಲಿನೊಳಗಿನ ಜೋಡಣೆಗಳೆಲ್ಲ ಲೇಸರ್ ಬೆಸುಗೆ. ಮಾಡ್ಯೂಲಿನಿಂದ ಮಾಡ್ಯೂಲಿಗೆ ಮಾತ್ರ ಬೋಲ್ಟು. ದೂರು ಸರಿಯಾಗಿ ಗಡಿಯಲ್ಲೇ ಎದ್ದಿದ್ದರೆ ಗಡಿಯನ್ನೇ ಅನುಮಾನಿಸಬೇಕು.

ಮುಚ್ಚಳ ತೆಗೆಯುವ ಮುಂಚಿನ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಪ್ಯಾಕಿನ ಸರಣಿಯನ್ನು ಕಡಿಯುವ ಸರ್ವೀಸ್ ಪ್ಲಗ್ ಕಿತ್ತು ನನ್ನ ಜೇಬಿಗೆ ಹಾಕಿಕೊಳ್ಳುತ್ತೇನೆ, ಇನ್ವರ್ಟರಿನ ಕೆಪಾಸಿಟರ್ ಬರಿದಾಗಲು ಹತ್ತು ನಿಮಿಷ ಕಾಯುತ್ತೇನೆ, ಆಮೇಲೂ ಅಳೆದು ನೋಡುತ್ತೇನೆ. ರಬ್ಬರ್ ಕೈಗವಸನ್ನು ಬಾಯಿಯ ಕಡೆಯಿಂದ ಸುತ್ತುತ್ತಾ ಬಂದರೆ ಬೆರಳುಗಳು ಉಬ್ಬಬೇಕು. ಕೆನ್ನೆಯ ಹತ್ತಿರ ಹಿಡಿದಾಗ ಸಣ್ಣ ಗಾಳಿ ತಾಗಿದರೂ ಅದು ಕಸದ ಬುಟ್ಟಿಗೆ. ಕಳೆದ ವರ್ಷ ಹಾಗೆ ಎರಡು ಜೊತೆ ಎಸೆದೆ. ಪ್ಲಗ್ ಕಿತ್ತರೆ ಕಿತ್ತಳೆ ಬಣ್ಣದ ಕೇಬಲ್ಲುಗಳು ಸತ್ತಿರುತ್ತವೆ, ಪ್ಯಾಕಿನೊಳಗಿನ ಸೆಲ್‌ಗಳು ಸತ್ತಿರುವುದಿಲ್ಲ. ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಎರಡನೆಯದು ಮೀಟರ್. ಕ್ಯಾಟ್-3, 1000 ವೋಲ್ಟ್ ಎಂಬ ಸುರಕ್ಷತೆಯ ದರ್ಜೆ ಬರೆದಿರುವ ಒಳ್ಳೆಯ ಮಲ್ಟಿಮೀಟರ್ ನನ್ನಲ್ಲಿದೆ. ಅದರಿಂದ ಈ ಕೆಲಸ ಆಗಲಿಲ್ಲ. ಅದರ ಓಮ್ ಓದುವಿಕೆಯಲ್ಲಿ ಪ್ರೋಬಿನ ತಂತಿಯ ರೋಧವೇ ಇದಕ್ಕಿಂತ ಹೆಚ್ಚು. ಪೀಣ್ಯದಲ್ಲಿರುವ ಗೆಳೆಯನಿಂದ ನಾಲ್ಕು ತಂತಿಯ ಮಿಲಿಓಮ್ ಮೀಟರ್ ಎರವಲು ತಂದೆ. ಅಕ್ಕಪಕ್ಕದ ಬೋಲ್ಟುಗಳಲ್ಲಿ 0.08, ಐದು ಮತ್ತು ಆರರ ನಡುವಿನದರಲ್ಲಿ 1.4. ಬಿಚ್ಚಿ ನೋಡಿದರೆ ಬಸ್ ಬಾರಿನ ಒಂದು ಮೂಲೆ ಹೆಚ್ಚು ಕುದಿಸಿದ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಲೆಕ್ಕ ಹಾಕಿ: 120 ಆಂಪಿಯರಿನಲ್ಲಿ ಅಲ್ಲಿ ಹುಟ್ಟುವ ಶಾಖ ಸುಮಾರು 20 ವ್ಯಾಟ್, ಒಂದು ಪುಟ್ಟ ಸೋಲ್ಡರಿಂಗ್ ಐರನ್ನಿನಷ್ಟು. ಬಾರನ್ನು ಬದಲಿಸಿ, ಮುಖಗಳನ್ನು ಒರೆಸಿ, ಕೈಪಿಡಿಯ ಅಳತೆಗೆ ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡಿದೆ. ಕ್ಯಾಬ್ ಈಗಲೂ ಓಡುತ್ತಿದೆ.

ಹಾಗೆಂದು ಸಾಧಾರಣ ಮಲ್ಟಿಮೀಟರನ್ನು ಮೂಲೆಗೆ ಎಸೆಯುವ ಹಾಗಿಲ್ಲ. ಬೇಸ್‌ಮೆಂಟಿನಲ್ಲಿ ಮಳೆನೀರಿಗೆ ಸಿಕ್ಕ ಇನ್ನೊಂದು ಕಾರು ಬಂತು. ಇದೂ 320 ವೋಲ್ಟಿನದೇ, ದೂರು ಇನ್ಸುಲೇಷನ್ ದೋಷ. ಪ್ಯಾಕಿನ ಎರಡು ತುದಿಗಳೂ ಕಾರಿನ ಮೈಗೆ ತಾಗದಂತೆ ಇರಬೇಕು; ನಿಯಮದ ಪ್ರಕಾರ ಡಿಸಿ ಭಾಗಕ್ಕೆ ಪ್ರತಿ ವೋಲ್ಟಿಗೆ ಕನಿಷ್ಠ 100 ಓಮ್, ಎಸಿ ಕರೆಂಟೂ ಸೇರಿಕೊಂಡ ಕಡೆ 500. 500ರ ಲೆಕ್ಕದಲ್ಲಿ ಈ ಕಾರಿಗೆ 160 ಕಿಲೋಓಮ್ ಬೇಕು. ಆ್ಯಪ್ 40 ತೋರಿಸಿತು, ಎಲ್ಲಿ ಎಂದು ತೋರಿಸಲಿಲ್ಲ. ಮೀಟರ್ ತೋರಿಸಿತು. ಪ್ಯಾಕಿನ ಮೈನಸ್ಸಿನಿಂದ ಲೋಹದ ಪೆಟ್ಟಿಗೆಗೆ 96 ವೋಲ್ಟ್, ಪ್ಲಸ್ಸಿನಿಂದ ಪೆಟ್ಟಿಗೆಗೆ 224. ಸೋರಿಕೆ ಒಂದೇ ಕಡೆ ಇದ್ದರೆ ಈ ಎರಡು ಅಂಕಿ ಅದರ ವಿಳಾಸ: 96ನ್ನು ಒಂದು ಸೆಲ್ಲಿನ 3.2ರಿಂದ ಭಾಗಿಸಿದರೆ 30. ಮೈನಸ್ಸಿನಿಂದ ಮೂವತ್ತನೆಯ ಸೆಲ್, ಮೂರನೆಯ ಮಾಡ್ಯೂಲಿನ ಅಂಚು. ಎತ್ತಿ ನೋಡಿದಾಗ ಅದರಡಿ ಬೆರಳಗಲದ ಬಿಳಿ-ಹಸಿರು ಉಪ್ಪು ಕಟ್ಟಿತ್ತು. ಇಂಥ ಸಂತೋಷ ಈ ಕಸುಬಿನಲ್ಲಿ ದಿನಾ ಸಿಗುವುದಿಲ್ಲ.

ರಿಪೇರಿಯಲ್ಲಿ ಮಾತ್ರ ನಾನು ಸೋತೆ. ಮೊದಲು ಅಗ್ಗದ ದಾರಿ ಹಿಡಿದು ಒರೆಸಿ, ಒಣಗಿಸಿ ಮುಚ್ಚಿದೆ; ಓದುವಿಕೆ 2 ಮೆಗಾಓಮಿಗೆ ಏರಿತು. ಎರಡು ವಾರದ ನಂತರ ಜೋರು ಮಳೆಯ ಮಾರನೆಯ ಬೆಳಗ್ಗೆ ಅದೇ ಕಾರು ಗೇಟಿನ ಮುಂದೆ. ಸಂದಿಯಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನೇ ಹೀರುತ್ತದೆ. ಕೊನೆಗೆ ಮಾಡ್ಯೂಲನ್ನೂ ಮುಚ್ಚಳದ ಗ್ಯಾಸ್ಕೆಟ್ಟನ್ನೂ ಬದಲಿಸಬೇಕಾಯಿತು. ತಂದ ಮಾಡ್ಯೂಲಿನಲ್ಲಿ ಉಳಿದವಕ್ಕಿಂತ ಸುಮಾರು 30 ಆಂಪಿಯರ್-ಅವರ್ ಚಾರ್ಜು ಕಡಿಮೆ. ಕಾರೇ ಸರಿದೂಗಿಸಿಕೊಳ್ಳಲಿ ಎಂದು ಬಿಟ್ಟರೆ, ಅದರ ಬ್ಯಾಲೆನ್ಸಿಂಗ್ ಹರಿಸುವುದು 100 ಮಿಲಿಆಂಪಿಯರ್. 300 ಗಂಟೆ ಕಾಯಬೇಕು. ಟೇಬಲ್ ಮೇಲಿನ ಪವರ್ ಸಪ್ಲೈಯಿಂದ 10 ಆಂಪಿಯರ್ ಕೊಟ್ಟು, ಪ್ರತಿ ಸೆಲ್ಲನ್ನೂ 3.65ರ ಮೇಲೆ ಹೋಗದಂತೆ ಕಾಯುತ್ತಾ ಪೂರ್ತಿ ತುಂಬಿಸಿದೆ, ಕಾರಿನ ಉಳಿದ ಮಾಡ್ಯೂಲುಗಳನ್ನೂ ತುಂಬಿಸಿ ಜೋಡಿಸಿದೆ. ಅರ್ಧ ದಿನದ ಕೆಲಸ. ಹೊಸ ಮಾಡ್ಯೂಲ್ ಬಂತು, ದೂರ ಹೆಚ್ಚುತ್ತದೆಯೇ ಎಂದು ಮಾಲೀಕರು ಕೇಳಿದರು. ಇಲ್ಲ, ಸರಣಿಯಲ್ಲಿ ಹಳೆಯ ತೊಂಬತ್ತು ಸೆಲ್ ಎಷ್ಟು ನಡೆದರೆ ಹೊಸ ಹತ್ತೂ ಅಷ್ಟೇ ನಡೆಯಬೇಕು.

ಮೆಗ್ಗರಿಗೆ ನಾನು ಮೂರರಲ್ಲೇ ಹೆಚ್ಚು ದುಡ್ಡು ಕೊಟ್ಟೆ, ಬಳಸಿದ್ದು ಕಡಿಮೆ. 500 ವೋಲ್ಟ್ ಹಾಯಿಸಿ ಇನ್ಸುಲೇಷನ್ ಅಳೆಯುವ ಈ ಉಪಕರಣವನ್ನು ಪ್ಯಾಕಿಗೆ ಹಚ್ಚುವ ಹಾಗಿಲ್ಲ: ಅಲ್ಲಿ ಮೊದಲೇ ವೋಲ್ಟೇಜ್ ಇದೆ, ಒಳಗಿನ ಸರ್ಕ್ಯೂಟೂ ಸುಡಬಹುದು. ಪ್ಯಾಕನ್ನು ಬೇರ್ಪಡಿಸಿ ಅದರ ಹೊರಗಿರುವ ಕೇಬಲ್, ಹೀಟರ್, ಕಂಪ್ರೆಸರ್ ಇವನ್ನು ಒಂದೊಂದಾಗಿ ನೋಡಲು ಮಾತ್ರ ಅದು ಬೇಕು. ಆದರೆ ಒಂದೇ ಸಲದಲ್ಲಿ ಅದು ತನ್ನ ಬೆಲೆ ತೀರಿಸಿತು. ಎಸಿ ಹಾಕಿದಾಗ ಮಾತ್ರ ಇನ್ಸುಲೇಷನ್ ದೋಷ ತೋರಿಸುತ್ತಿದ್ದ ಕಾರು ಅದು. ಉಳಿದೆಲ್ಲ ಕಡೆ ಹತ್ತಾರು ಮೆಗಾಓಮ್, ಎಸಿ ಕಂಪ್ರೆಸರಿನಲ್ಲಿ 60 ಕಿಲೋಓಮ್. ಹಿಂದಿನ ಬೇಸಗೆಯಲ್ಲಿ ಗ್ಯಾಸ್ ತುಂಬಿಸಿದವರು ಪೆಟ್ರೋಲ್ ಕಾರಿಗೆ ಹಾಕುವ ಪಿಎಜಿ ಎಣ್ಣೆಯನ್ನೇ ಹಾಕಿದ್ದರು. ವಿದ್ಯುತ್ ಕಂಪ್ರೆಸರಿನಲ್ಲಿ ಮೋಟರಿನ ಸುರುಳಿ ಎಣ್ಣೆಯಲ್ಲೇ ನೆನೆದಿರುತ್ತದೆ. ಅದಕ್ಕೆ ಬೇಕಾದ್ದು ಕರೆಂಟು ಸೋರದ ಪಿಒಇ ಎಣ್ಣೆ. ಡಾಂಗಲ್ ಮಾತ್ರ ಹಿಡಿದು ಕೂತಿದ್ದರೆ ನಾನೂ ಪ್ಯಾಕನ್ನೇ ಬಿಚ್ಚುತ್ತಿದ್ದೆ.

ಕಾರು ಸ್ಟಾರ್ಟೇ ಆಗದೆ ಹೈ ವೋಲ್ಟೇಜಿನ ಎಚ್ಚರಿಕೆ ಬಂದರೆ, ಈ ಮೂರನ್ನೂ ಹೊರಗೆ ತೆಗೆಯುವ ಮುಂಚೆ 12 ವೋಲ್ಟಿನ ಸಣ್ಣ ಬ್ಯಾಟರಿಯನ್ನು ನೋಡಿ. ಅದು ಸೊರಗಿದ್ದರೆ ಪ್ಯಾಕನ್ನು ಕಾರಿಗೆ ಜೋಡಿಸುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಕೂಡುವುದಿಲ್ಲ.

ಒಂದನ್ನೇ ಕೊಳ್ಳಿ ಎಂದರೆ ಕಾರಿನ ಮಾಲೀಕರಿಗೆ ಡಾಂಗಲ್. ಗ್ಯಾರೇಜಿನವರಿಗೆ ಮೊದಲು ಕೈಗವಸು, ಆಮೇಲೆ ಒಳ್ಳೆಯ ಮಲ್ಟಿಮೀಟರ್. ಮೆಗ್ಗರನ್ನು ಬಾಡಿಗೆಗೆ ತಂದರೂ ನಡೆಯುತ್ತದೆ. ನಾನು ಕೊಳ್ಳಬೇಕಾಗಿ ಉಳಿದಿರುವುದು ಮಿಲಿಓಮ್ ಮೀಟರ್. ಪೀಣ್ಯದ ಗೆಳೆಯ ಈಚೆಗೆ ನನ್ನ ಫೋನನ್ನು ಮೂರನೆಯ ಸಲಕ್ಕೆ ಎತ್ತುತ್ತಾನೆ.