ಕರೆಂಟ್ ಬಂದಾಗಲೆಲ್ಲ ಲಾಕ್ ಆಗುತ್ತಿದ್ದ ಕಚೇರಿ ಮೇಲ್

ಕಚೇರಿಯ ಮೇಲನ್ನು ಫೋನಿಗೆ ತರುವ ಮೂರು ದಾರಿಗಳನ್ನು ಒಂದು ಮಳೆಗಾಲವಿಡೀ ತುಳಿದು, ಕೊನೆಗೆ ಔಟ್‌ಲುಕ್ ಆಪ್‌ನಲ್ಲಿ ನೆಲೆ ನಿಂತಿದ್ದೇನೆ. ಉಳಿದ ಎರಡು: ಫೋನಿನ ಜೊತೆಗೇ ಬಂದ ಮೇಲ್ ಆಪ್‌ನಲ್ಲಿ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್) ಖಾತೆ ಮತ್ತು ಸರ್ವರ್‌ನಲ್ಲಿರುವ ಮೇಲ್ ಓದುವ ಸಾಮಾನ್ಯ ಪದ್ಧತಿಯಾದ ಐಮ್ಯಾಪ್.

ಐಮ್ಯಾಪ್ ಇರುವುದೇ ಮೇಲ್‌ಗೆ ಮಾತ್ರ, ಕ್ಯಾಲೆಂಡರ್ ಬರುವುದಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡುವ ನನಗೆ ಹತ್ತರ ಸಭೆ ಒಂಬತ್ತೂವರೆಗೆ ಸರಿದದ್ದು ಮಂಡಗದ್ದೆ ದಾಟುವಾಗಲಾದರೂ ತಿಳಿಯಬೇಕು.

ಫೋನಿನದೇ ಆಪ್ ಹಗುರ. ಎಕ್ಸ್‌ಚೇಂಜ್ ಖಾತೆಯನ್ನು ಫೋನಿಗೆ ಜೋಡಿಸುವ ಆಕ್ಟಿವ್‌ಸಿಂಕ್ ಮೂಲಕ ಮೇಲ್, ಕ್ಯಾಲೆಂಡರ್, ಸಂಪರ್ಕಗಳು ಎಲ್ಲವೂ ಬರುತ್ತವೆ. ಅಲ್ಲೇ ಉಳಿಯುತ್ತಿದ್ದೆನೇನೋ.

ಆಷಾಢದಲ್ಲಿ ಕಚೇರಿಯ ಪಾಸ್‌ವರ್ಡ್ ಬದಲಿಸಿದೆ. ಮರುದಿನ ಖಾತೆ ಲಾಕ್. ಸಹಾಯವಾಣಿಯವರು ತೆರೆದುಕೊಟ್ಟರು, ಸಂಜೆಯೊಳಗೆ ಮತ್ತೆ ಲಾಕ್. ಖಾತೆಯನ್ನು ಅಳಿಸಿ ಎರಡು ಸಲ ಹೊಸದಾಗಿ ಸೇರಿಸಿದೆ, ಬ್ಯಾಟರಿ ಉಳಿತಾಯದ ಆಯ್ಕೆ ಆರಿಸಿದೆ, ಆಪ್ ಮೇಲೆಯೇ ಗುಮಾನಿಪಟ್ಟು ಐಮ್ಯಾಪ್‌ಗೆ ಹೋದೆ. ಅಲ್ಲೂ ಅದೇ ಪಾಡು.

ನಾಲ್ಕನೆಯ ದಿನ ಗಮನಕ್ಕೆ ಬಂತು: ಮಳೆಗೆ ಹೋದ ಕರೆಂಟ್ ಮನೆಗೆ ಮರಳಿದ ಸ್ವಲ್ಪ ಹೊತ್ತಿಗೇ ಖಾತೆ ಮುಚ್ಚಿಕೊಳ್ಳುತ್ತಿತ್ತು. ಅಮ್ಮನ ಫೋನ್ ಕೆಟ್ಟಿದ್ದರಿಂದ ಅದೇ ವಾರ ಅಲ್ಮೆರಾದಲ್ಲಿದ್ದ ನನ್ನ ಹಳೆಯ ಫೋನನ್ನು ಅವರಿಗೆ ಕೊಟ್ಟಿದ್ದೆ. ಅದರಲ್ಲಿ ನನ್ನ ಕಚೇರಿ ಖಾತೆ, ಒಂದು ವರ್ಷದ ಹಿಂದಿನ ಪಾಸ್‌ವರ್ಡ್ ಸಮೇತ, ಹಾಗೆಯೇ ಕುಳಿತಿತ್ತು. ಡೇಟಾ ಹಾಕಿಸದ ಆ ಫೋನು ರೌಟರ್ ಎದ್ದೊಡನೆ ಸರ್ವರ್‌ನ ಬಾಗಿಲು ಬಡಿಯುತ್ತಿತ್ತು. ಕೆಲವು ತಪ್ಪು ಪ್ರಯತ್ನಗಳ ನಂತರ ಸರ್ವರ್ ಖಾತೆಯನ್ನೇ ಮುಚ್ಚುತ್ತಿತ್ತು. ನಾನು ಪಾಸ್‌ವರ್ಡ್ ಬದಲಿಸಿದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. “ಏನೋ ಇಂಗ್ಲಿಷಿನಲ್ಲಿ ಬರುತ್ತಿತ್ತು, ಪಕ್ಕಕ್ಕೆ ಸರಿಸುತ್ತಿದ್ದೆ” ಎಂದರು ಅಮ್ಮ.

ಔಟ್‌ಲುಕ್ ನನಗೆ ಹಿಡಿಸಿದ್ದು ಇಲ್ಲಿ. ನಮ್ಮ ಕಚೇರಿಯ ವ್ಯವಸ್ಥೆಯಲ್ಲಿ ಅದು ಲಾಗಿನ್ ಪುಟ ತೆರೆದು, ಪಾಸ್‌ವರ್ಡ್ ಬದಲು ಟೋಕನ್ (ಲಾಗಿನ್ ಆದ ಮೇಲೆ ಸಿಗುವ ಡಿಜಿಟಲ್ ಚೀಟಿ) ಇಟ್ಟುಕೊಳ್ಳುತ್ತದೆ. ಪಾಸ್‌ವರ್ಡ್ ಬದಲಾದರೆ ಮತ್ತೆ ಲಾಗಿನ್ ಕೇಳಿ ಸುಮ್ಮನಾಗುತ್ತದೆ, ಹಳೆಯದನ್ನೇ ಹಿಡಿದು ಬಾಗಿಲು ಬಡಿಯುವುದಿಲ್ಲ. ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಮೇಲ್‌ನಲ್ಲಿ ಬರೀ ಪಾಸ್‌ವರ್ಡ್‌ನ ಹಳೆಯ ಪದ್ಧತಿಯನ್ನು 2022ರ ಅಕ್ಟೋಬರ್‌ನಿಂದ ಮುಚ್ಚತೊಡಗಿತು. ನಮ್ಮದು ಕಂಪನಿಯದೇ ಸರ್ವರ್ ಆದ್ದರಿಂದ ಆ ಬಾಗಿಲು ಇನ್ನೂ ತೆರೆದಿದೆ.

ಇನ್ನೊಂದು ಕಾರಣ: ಆಕ್ಟಿವ್‌ಸಿಂಕ್ ಖಾತೆ ಸೇರಿಸುವಾಗ ಫೋನನ್ನು ದೂರದಿಂದಲೇ ಪೂರ್ತಿ ಅಳಿಸುವ ಹಕ್ಕನ್ನು ಕಚೇರಿಗೆ ಕೊಟ್ಟಿದ್ದೆ. ಔಟ್‌ಲುಕ್‌ನಲ್ಲಿ ಅಳಿಸಿದರೆ ಆ ಆಪ್‌ನ ಮಾಹಿತಿ ಮಾತ್ರ ಹೋಗುತ್ತದೆ. ಸ್ವಂತ ದುಡ್ಡಿನ ಹನ್ನೆರಡು ಸಾವಿರದ ಫೋನು, ಅದರಲ್ಲಿ ಅಡಿಕೆ ತೋಟದ ಲೆಕ್ಕ. ನನಗೆ ಇದೇ ಸಾಕಾಯಿತು. ನಾಲ್ಕು ಜಿಬಿ ರ‍್ಯಾಮ್‌ನಲ್ಲಿ ಔಟ್‌ಲುಕ್ ತೆವಳುತ್ತದೆ, ತೆವಳಲಿ.

ನಿಮ್ಮ ಖಾತೆಯೂ ಹೀಗೆ ಲಾಕ್ ಆಗುತ್ತಿದ್ದರೆ ವೆಬ್ ಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಸಾಧನಗಳ ಪಟ್ಟಿ ನೋಡಿ. ಹಳೆಯ ಫೋನನ್ನು ಅಲ್ಲಿಂದ ತೆಗೆದರಷ್ಟೇ ಸಾಲದು. ಆ ಫೋನಿನಿಂದಲೂ ಖಾತೆಯನ್ನು ಅಳಿಸಬೇಕು. ಅದೇ ಪಟ್ಟಿಯಲ್ಲಿ ಫೋನಿನ ಮಾಹಿತಿಯನ್ನೇ ಅಳಿಸುವ ಆಯ್ಕೆಯೂ ಇರುತ್ತದೆ. ಸರಿಯಾದ ಪಾಸ್‌ವರ್ಡ್ ಇರುವ ಫೋನಿನ ಮೇಲೆ ಅವಸರದಲ್ಲಿ ಅದನ್ನು ಒತ್ತಿದರೆ ಫೋಟೊಗಳೆಲ್ಲ ಹೋಗಬಹುದು.