ಪಿಸ್ತೂಲಾ, ರಿವಾಲ್ವರಾ? ನನ್ನ ಹೆಬ್ಬೆರಳನ್ನೇ ಕೇಳಿ

ನನ್ನ ಎಡಗೈ ಹೆಬ್ಬೆರಳಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ ಇದೆ. ಅದನ್ನು ನೋಡಿದಾಗಲೆಲ್ಲ ನನ್ನ ಹಳೇ ಪಿಸ್ತೂಲಿನ ಮೇಲೆ ಪ್ರೀತಿ ಜಾಸ್ತಿಯಾಗುತ್ತದೆ.

ಹನ್ನೊಂದು ವರ್ಷದಿಂದ ಒಂದೇ .32 ಬೋರಿನ (ನಳಿಗೆಯ ಅಳತೆ) ಸೆಮಿ ಆಟೋಮ್ಯಾಟಿಕ್‌ನಲ್ಲಿ ಗುರಿ ಹೊಡೆಯುತ್ತಿದ್ದೇನೆ. ಈ ಸಲ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಮುಗಿದ ವಾರ ಪಕ್ಕದ ತೋಟದ ಅಂಕಲ್ ತಮ್ಮ .32 ರಿವಾಲ್ವರ್ ಮಾರುತ್ತೇನೆ ಅಂದರು. 60 ಸಾವಿರ. ಪೂಜೆಗೆ ಇಟ್ಟಿದ್ದ ಜೋಡಿ ನಳಿಗೆ ಕೋವಿಯ ಬಾಯಲ್ಲಿ ಸಿಕ್ಕಿಸಿದ ತೋಕ್ ಪೂ (ಕೋವಿ ಹೂವು) ಇನ್ನೂ ಬಾಡಿರಲಿಲ್ಲ. ಅದರ ಪಕ್ಕ ಈ ರಿವಾಲ್ವರ್ ಹೊಳೆಯುತ್ತಾ ಮಲಗಿತ್ತು. ನನಗೆ ಆಸೆ ಹುಟ್ಟಿತು.

ಕೋವಿ ಕೈ ಬದಲಾಗಬೇಕಾದರೆ ಮಾರುವವರು 45 ದಿನ ಮೊದಲೇ ಜಿಲ್ಲಾಧಿಕಾರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರೆದು ತಿಳಿಸಬೇಕು. ಅಂಕಲ್ ಅರ್ಜಿ ಕೊಟ್ಟರು. ಆ ಕಾಯುವ ದಿನಗಳಲ್ಲಿ ನಾಲ್ಕು ಭಾನುವಾರ ಅವರ ಜೊತೆಗೇ ಗುರಿ ಅಭ್ಯಾಸದ ರೇಂಜಿಗೆ ಹೋಗಿ, ಅವರೆದುರೇ ಹೊಡೆದು ನೋಡಿದೆ. ಒಂದು ಮೇಜಿನ ಮೇಲೆ ನನ್ನ ಪಿಸ್ತೂಲು, ಅವರ ರಿವಾಲ್ವರ್. ದೂರ 15 ಮೀಟರ್.

ಹಳೇ ಮಾಲು ಅಂತ ಮೊದಲು ಪರೀಕ್ಷೆ ಮಾಡಿದೆ. ಖಾಲಿ ಮಾಡಿ, ಹಿಂಬದಿಯ ಹ್ಯಾಮರನ್ನು (ಗುಂಡು ಹಾರಿಸಲು ಬಡಿಯುವ ಕೊಕ್ಕೆ) ನಿಧಾನವಾಗಿ ಎಳೆದೆ. ಪ್ರತಿ ಸಲವೂ ತೋಟಾ ತುಂಬುವ, ತಿರುಗುವ ಸಿಲಿಂಡರ್ ಟಕ್ ಅಂತ ಸರಿಯಾಗಿ ಕೂತಿತು. ಅಲ್ಲಾಡಿಸಿದರೆ ಹೆಚ್ಚು ಆಡಲಿಲ್ಲ. ನಳಿಗೆಯೊಳಗೆ ತುಕ್ಕಿನ ಗುಳಿ ಇಲ್ಲ. ನಮ್ಮ ಮಳೆಯಲ್ಲಿ ಅಷ್ಟು ವರ್ಷ ಹಾಗೆ ಇಟ್ಟುಕೊಂಡದ್ದೇ ದೊಡ್ಡದು. ಹಾಗಾಗಿ ಆಮೇಲೆ ಗುರಿ ಕೆಟ್ಟದ್ದಕ್ಕೆ ತಪ್ಪು ಅದರದ್ದಲ್ಲ. ತಪ್ಪು ನನ್ನ ಕೈಯದ್ದು.

ಪಿಸ್ತೂಲಿನಲ್ಲಿ ಒಂದು ಗುಂಡು ಹಾರಿದರೆ ಮೇಲಿನ ಜಾರುವ ಭಾಗ, ಅಂದರೆ ಸ್ಲೈಡ್, ಹಿಂದೆ ಹೋಗಿ ಹ್ಯಾಮರನ್ನು ತಾನೇ ಎತ್ತಿಡುತ್ತದೆ. ನಾನು ಹಿಡಿತ ಬಿಡಬೇಕಾಗಿಲ್ಲ. ಉಸಿರು, ಗುರಿ ನೋಡುವ ಸೈಟ್, ಟ್ರಿಗರ್, ಅಷ್ಟೇ. ರಿವಾಲ್ವರಿನಲ್ಲಿ ಆ ಕೆಲಸ ಬಲ ಹೆಬ್ಬೆರಳಿನದ್ದು. ಪ್ರತಿ ಗುಂಡಿಗೂ ಬೆರಳು ಮೇಲೆತ್ತಿ ಹ್ಯಾಮರ್ ಎಳೆಯಬೇಕು. ಎಳೆದು ಕೆಳಗಿಡುವಾಗ ಹಿಡಿ ಅಂಗೈಯಲ್ಲಿ ಕೂದಲೆಳೆಯಷ್ಟು ತಿರುಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಾಗದದ ಮೇಲೆ ಕಾಣುತ್ತದೆ. ಮೊದಲ ಗುಂಡು ನಡುವಿಗೆ, ಎರಡನೆಯದು ಬಲಕ್ಕೆ, ಮೂರನೆಯದು ಎಲ್ಲೋ. ಮೂರನೇ ಭಾನುವಾರ ಜಿಟಿಜಿಟಿ ಮಳೆ. ಒದ್ದೆ ಬೆರಳು ಹ್ಯಾಮರಿನ ಮೇಲೆ ಜಾರಿತು. ನಳಿಗೆ ಗುರಿಯ ಕಡೆಗೇ ಇತ್ತು, ಏನೂ ಆಗಲಿಲ್ಲ. ಆದರೂ ಕೆಳಗಿಟ್ಟು ಕೈ ಒರೆಸಿಕೊಂಡು, ಫ್ಲಾಸ್ಕಿನ ಕಾಫಿ ಕುಡಿದೇ ಮುಂದುವರಿಸಿದ್ದು.

ಹ್ಯಾಮರ್ ಎಳೆಯದೆ ಸುಮ್ನೆ ಟ್ರಿಗರ್ ಒತ್ತಿಯೂ ಹೊಡೆಯಬಹುದು, ಅಲ್ವಾ ಅಂತ ಕೇಳಬಹುದು. ಹೊಡೆಯಬಹುದು. ಆ ಉದ್ದದ ಭಾರದ ಎಳೆತಕ್ಕೆ ನನ್ನ ಗುಂಡೆಲ್ಲ ಕೆಳಗೆ ಎಡಕ್ಕೆ ಹೋದವು.

ಇನ್ನು ಎಡ ಹೆಬ್ಬೆರಳು. ಪಿಸ್ತೂಲಿನ ಅಭ್ಯಾಸದಲ್ಲಿ ಅದನ್ನು ಮುಂದಕ್ಕೆ ಚಾಚಿ ಹಿಡಿಯುತ್ತೇನೆ. ರಿವಾಲ್ವರಿನಲ್ಲಿ ಸಿಲಿಂಡರಿಗೂ ನಳಿಗೆಗೂ ನಡುವೆ ಸಣ್ಣ ಸಂದು ಇರುತ್ತದೆ. ಗುಂಡು ಹಾರುವಾಗ ಅಲ್ಲಿಂದ ಬಿಸಿ ಹೊಗೆ, ಮದ್ದಿನ ಕಿಡಿ ಪಕ್ಕಕ್ಕೆ ಚಿಮ್ಮುತ್ತದೆ. ನನಗೆ ಗೊತ್ತಿದ್ದ ವಿಷಯವೇ. ಕೈಗೆ ಗೊತ್ತಿರಲಿಲ್ಲ. ಕಪ್ಪು ಚುಕ್ಕೆ ಬಂದದ್ದು ಹಾಗೆ. .32 ಆಗಿದ್ದಕ್ಕೆ ಚುಕ್ಕೆಯಲ್ಲಿ ಮುಗಿಯಿತು. ಇನ್ನೂ ಜೋರಿನ ತೋಟಾ ಆಗಿದ್ದರೆ ಬೆರಳೇ ಸೀಳಬಹುದಿತ್ತು.

ರಿವಾಲ್ವರ್ ಗೆದ್ದ ಜಾಗವೂ ಇದೆ. ಮಧ್ಯಕ್ಕೆ ಮಡಚಿ ತೆರೆದರೆ ಆರು ಖಾಲಿ ತೋಟಾ ಒಟ್ಟಿಗೆ ಮೇಲೇಳುತ್ತವೆ, ಕೈಗೇ ಸಿಗುತ್ತವೆ. ನನ್ನ ಪಿಸ್ತೂಲು ಅವನ್ನು ಹುಲ್ಲಿಗೆ ಎಸೆಯುತ್ತದೆ. ಜಿಗಣೆ ಇರುವ ಹುಲ್ಲಿನಲ್ಲಿ ಬಗ್ಗಿ ಹುಡುಕುವ ಸುಖ ಅನುಭವಿಸಿದವರಿಗೇ ಗೊತ್ತು. ಪಿಸ್ತೂಲಿನ ತೋಟಾ ತುಂಬುವ ಮ್ಯಾಗಜಿನ್‌ನಲ್ಲಿ ತೋಟಾದ ಅಂಚಿಗೆ ಅಂಚು ಸಿಕ್ಕಿ ಜಾಮ್ ಆಗುವುದೂ ಉಂಟು. ರಿವಾಲ್ವರಿಗೆ ಆ ಗೋಳಿಲ್ಲ. ಆದರೆ ಉಜ್ಜಿ ಒರೆಸುವಾಗ ಸಿಲಿಂಡರಿನ ಆರು ತೂತು, ನಳಿಗೆ ಸೇರಿ ಏಳು, ಪಿಸ್ತೂಲಿಗೆ ಒಂದೇ. ಎರಡೂ .32 ಅಂದರೂ ತೋಟಾ ಬೇರೆ ಬೇರೆ, ಅದೊಂದು ಖರ್ಚು.

ಕೊನೆಗೆ ಲೆಕ್ಕ. ನಾನು ಕೊಡವನೂ ಅಲ್ಲ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರನೂ ಅಲ್ಲ. ಲೈಸೆನ್ಸ್ ಇಲ್ಲದೆ ಉದ್ದ ಕೋವಿ ಇಟ್ಟುಕೊಳ್ಳಲು ಅವರಿಗಿರುವ ವಿನಾಯಿತಿ ನನಗಿಲ್ಲ, ಲೈಸೆನ್ಸೇ ಗತಿ. ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು, 2019ರ ತಿದ್ದುಪಡಿ ಆದಮೇಲೆ ಎರಡೇ. ನನ್ನ ಹೆಸರಲ್ಲಿ ಪಿಸ್ತೂಲು ಒಂದು, ಅಪ್ಪನ ಒಂಟಿ ನಳಿಗೆ ಒಂದು. ರಿವಾಲ್ವರ್ ಬರಬೇಕಾದರೆ ಅಪ್ಪನ ಕೋವಿ ಹೋಗಬೇಕು. ತಿಂಗಳಿಗೆ ಎರಡು ಭಾನುವಾರ ಹೊಡೆಯುವವನು ಅದಕ್ಕಾಗಿ 60 ಸಾವಿರವನ್ನೂ ಕೊಟ್ಟು, ಹೆಬ್ಬೆರಳಿಗೆ ಹೊಸದಾಗಿ ಪಾಠ ಹೇಳಬೇಕಾ? ಬೇಡ ಅಂದುಬಿಟ್ಟೆ.

ಅಂಕಲ್ ಬೇಜಾರು ಮಾಡಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಅವರ ಮುಖ ಅರಳಿತು. "ಸರಿ ಬಿಡಪ್ಪ, ಇನ್ನು ಮಾರುವುದೇ ಇಲ್ಲ. ಮುಂದಿನ ಭಾನುವಾರ ಹೋಗೋಣ, ಪೆಟ್ರೋಲ್ ನಿಂದು" ಅಂದರು.